ಮೊದಲ ಟಾಪ್ ರೋಪ್‌ಗೆ ಯಾವ ಬಂಡೆ? ಮೈಗಿಂತ ಮೊದಲು ನೆತ್ತಿ ನೋಡಿ

ಹೊಸಬರನ್ನು ಮೊದಲ ಸಲ ಬಂಡೆ ಹತ್ತಲು ಕರೆದುಕೊಂಡು ಹೋಗುವಾಗ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಅಲ್ಲಿ ಸುಲಭದ ರೂಟ್ (ಹತ್ತುವ ದಾರಿ) ಇದೆಯಾ? ನಾನೂ ಅದನ್ನೇ ಕೇಳಿದ್ದೆ. ಇತ್ತು. ಚೆಂದದ ರೂಟ್. ಕೈಗೆ ದೊಡ್ಡ ಹಿಡಿಗಳು, ಕಾಲಿಗೆ ಮೆಟ್ಟಿಲಿನಂಥ ಜಾಗ, ಬುಡದಲ್ಲಿ ನೆರಳು. ಮೂವರು ಗೆಳೆಯರು ಹಾರ್ನೆಸ್ (ಹಗ್ಗ ಕಟ್ಟಿಕೊಳ್ಳುವ ಸೊಂಟದ ಪಟ್ಟಿ) ಹಾಕಿಕೊಂಡು ಕೆಳಗೆ ಕಾಯುತ್ತಿದ್ದರು. ನಾನು ಹಗ್ಗ ಹೆಗಲಿಗೇರಿಸಿ ಹಿಂಬದಿಯಿಂದ ನೆತ್ತಿಗೆ ಹೋದೆ.

ನೋಡಿದರೆ ನೆತ್ತಿ ಪೂರ್ತಿ ಅಂಚಿನ ಕಡೆಗೇ ಇಳಿಜಾರು. ಮೇಲೆಲ್ಲ ಸಣ್ಣ ಜಲ್ಲಿ, ಒಣಗಿದ ಹುಲ್ಲು. ಹಗ್ಗ ಸಿಕ್ಕಿಸಲು ಕಲ್ಲಿಗೆ ಹೊಡೆದ ಬೋಲ್ಟ್‌ಗಳೇನೋ ಇದ್ದವು. ಆದರೆ ಅಂಚಿನಿಂದ ಎರಡು ಗೇಣು ಕೆಳಗೆ, ಬಂಡೆಯ ಮೈಮೇಲೆ. ಅವನ್ನು ಮುಟ್ಟಬೇಕಾದರೆ ಬೋರಲು ಮಲಗಿ ಕೈ ಕೆಳಕ್ಕೆ ಚಾಚಬೇಕು. ಹಿಂದೆ ನನ್ನನ್ನು ಕಟ್ಟಿಕೊಳ್ಳಲು ಹತ್ತಿರದಲ್ಲಿ ಒಂದು ಮರವೂ ಇಲ್ಲ. ಗಟ್ಟಿ ಬಂಡೆಕಲ್ಲು ಸಿಕ್ಕಿದ್ದು ಸುಮಾರು 15 ಮೀಟರ್ ಹಿಂದೆ. ಅಷ್ಟು ಉದ್ದದ ಎರಡನೇ ಹಗ್ಗ ನನ್ನ ಬಳಿ ಇರಲಿಲ್ಲ. ಮತ್ತೆ ಕೆಳಗಿಳಿದೆ, ಹಗ್ಗ ತಂದೆ, ಕಟ್ಟಿಕೊಂಡೆ, ಆಂಕರ್ (ಹತ್ತುವವರ ಹಗ್ಗ ತೂಗುವ ಮೇಲಿನ ಆಸರೆ) ಹಾಕಿದೆ. ಅಷ್ಟರಲ್ಲಿ ಒಂದೂವರೆ ಗಂಟೆ ಕಳೆದಿತ್ತು. ನೆರಳು ಹೋಗಿ ಬಂಡೆ ಕಾದಿತ್ತು. ಮೂವರಿಗೂ ಒಂದೊಂದು ಸರದಿ ಸಿಕ್ಕಿತು, ಅಷ್ಟೇ.

ಅವತ್ತಿನಿಂದ ನಾನು ಜಾಗ ಆರಿಸುವ ಕ್ರಮವೇ ಬದಲಾಯಿತು. ಮೊದಲು ನೆತ್ತಿ, ಆಮೇಲೆ ಬುಡ, ಕೊನೆಗೆ ಮೈ. ಇದು ತಲೆಕೆಳಗು ಅನ್ನಿಸಬಹುದು. ಆದರೆ ಕಾರಣ ಸರಳ. ಟಾಪ್ ರೋಪ್‌ನಲ್ಲಿ ಹಗ್ಗ ಬುಡದಿಂದ ಮೇಲೆ ಹೋಗಿ, ಆಂಕರ್‌ನ ಕ್ಯಾರಬಿನರ್ (ಬಾಯಿ ತೆರೆದು ಮುಚ್ಚುವ ಲೋಹದ ಕೊಂಡಿ) ಒಳಗೆ ತೂರಿ, ಮತ್ತೆ ಬುಡದಲ್ಲಿ ಹಗ್ಗ ಹಿಡಿದು ಕಾಯುವ ಬಿಲೇಯರ್ ಕೈಗೆ ಬರುತ್ತದೆ. ಹತ್ತುವವರಿಗೆ ಯಾವಾಗಲೂ ಮೇಲಿನಿಂದ ಹಗ್ಗದ ಆಸರೆ ಇರುತ್ತದೆ. ಕೈ ಜಾರಿದರೆ ಅಲ್ಲೇ ತೂಗಾಡುತ್ತಾರೆ. ಆ ಆಸರೆ ಇಲ್ಲದೆ ಅಂಚಿನಲ್ಲಿ ಓಡಾಡುವವರು ಒಬ್ಬರೇ, ಹಗ್ಗ ಹಾಕಲು ಮೇಲೆ ಹೋದವರು. ಇಡೀ ದಿನದಲ್ಲಿ ದೊಡ್ಡ ಅಪಾಯ ಇರುವುದು ಅವರಿಗೆ. ಹಾಗಾಗಿ ‘ಹೊಸಬರಿಗೆ ಸುಲಭ’ ಅಂದರೆ ಹತ್ತಲು ಸುಲಭ ಅಂತ ಮಾತ್ರ ಅಲ್ಲ. ಆಂಕರ್ ಹತ್ತಿರ ಹೋಗಲು, ಅಲ್ಲಿ ನಿಂತು ಕೆಲಸ ಮಾಡಲು ಸುಲಭ ಅಂತಲೂ ಹೌದು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಇದು ಜಾಗ ಆರಿಸುವ ಬಗ್ಗೆ ಬರೆದದ್ದು. ಆಂಕರ್ ಕಟ್ಟುವುದನ್ನು ಓದಿ ಕಲಿಯಬೇಡಿ. ಗೊತ್ತಿರುವವರ ಜೊತೆ ನಿಂತು, ಕೈಯಾರೆ ಕಟ್ಟಿ, ಅವರಿಂದ ತಿದ್ದಿಸಿಕೊಂಡು ಕಲಿಯಿರಿ.

ಆಂಕರ್‌ಗೆ ಹೋಗುವ ನಾಲ್ಕು ದಾರಿ

ಬಂಡೆಗಳು ಸಾವಿರ ತರಹ ಇದ್ದರೂ, ಆಂಕರ್ ಮುಟ್ಟುವ ದಾರಿ ನೋಡಿದರೆ ನಾಲ್ಕೇ ಗುಂಪು.

ಮೊದಲನೆಯದು, ಹಿಂದಿನಿಂದ ನಡೆದು ನೆತ್ತಿಗೆ ಹೋಗಬಹುದು, ಅಲ್ಲಿ ಬೋಲ್ಟ್ ಕೂಡ ಇದೆ. ಹೊಸಬರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ಬೋಲ್ಟ್ ಎಲ್ಲಿದೆ ಅನ್ನುವುದು ಬಹಳ ಮುಖ್ಯ. ಅಂಚಿನಿಂದ ಒಂದೆರಡು ಮೀಟರ್ ಹಿಂದೆ, ಸಮತಟ್ಟಾದ ಜಾಗದಲ್ಲಿದ್ದರೆ ನೀವು ಕೂತು ನೆಮ್ಮದಿಯಿಂದ ಕೆಲಸ ಮಾಡಬಹುದು. ಅಲ್ಲಿಂದ ಉದ್ದದ ಸ್ಲಿಂಗ್ (ಗಟ್ಟಿ ಪಟ್ಟಿಯ ಕುಣಿಕೆ) ಅಥವಾ ಸ್ಟ್ಯಾಟಿಕ್ (ಅಷ್ಟಾಗಿ ಹಿಗ್ಗದ) ಹಗ್ಗ ಹಾಕಿ, ಮುಖ್ಯ ಕ್ಯಾರಬಿನರ್‌ಗಳು ಅಂಚು ದಾಟಿ ಕೆಳಗೆ ತೂಗುವಂತೆ ಮಾಡಬೇಕು. ಇಂಗ್ಲೆಂಡಿನ ಆಗ್ನೇಯ ಭಾಗದ ಹ್ಯಾರಿಸನ್ಸ್ ರಾಕ್ಸ್ ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿನ ಮರಳುಗಲ್ಲು ತುಂಬಾ ಮೆದು. ಹಗ್ಗ ಅಂಚಿಗೆ ತಾಗಿ ಓಡಾಡಿದರೆ ಕಲ್ಲಿನಲ್ಲೇ ಗೀರು ಬಿದ್ದು ಕಾಲುವೆಯಂತಾಗುತ್ತದೆ. ಅದಕ್ಕೇ ಅಲ್ಲಿ ಹತ್ತುವುದು ಟಾಪ್ ರೋಪ್‌ನಲ್ಲಿ, ಅದೂ ಕ್ಯಾರಬಿನರ್ ಅಂಚಿನ ಕೆಳಗೆ ತೂಗುವ ಹಾಗೆ ಕಟ್ಟಿ. ಗಟ್ಟಿ ಕಲ್ಲಿನ ಜಾಗದಲ್ಲೂ ಇದೇ ಅಭ್ಯಾಸ ಒಳ್ಳೆಯದು. ಅಲ್ಲಿ ಕಲ್ಲು ಸವೆಯುವುದಿಲ್ಲ, ನಿಮ್ಮ ಹಗ್ಗ ಸವೆಯುತ್ತದೆ.

ನನಗೆ ಸಿಕ್ಕಂತೆ ಬೋಲ್ಟ್ ಅಂಚಿನ ಕೆಳಗೆ ಮೈಮೇಲಿದ್ದರೆ ಅದನ್ನು ಈ ಗುಂಪಿಗೆ ಸೇರಿಸಬೇಡಿ. ಅದು ಬೇರೆಯೇ ಕಥೆ, ಮುಂದೆ ಬರುತ್ತದೆ.

ಎರಡನೆಯದು, ನಡೆದು ಹೋಗಬಹುದು, ಆದರೆ ಬೋಲ್ಟ್ ಇಲ್ಲ. ಮರ, ದೊಡ್ಡ ಬಂಡೆಕಲ್ಲು, ಬಿರುಕು, ಇವೇ ಆಂಕರ್. ಇಂಗ್ಲೆಂಡಿನ ಸ್ಟ್ಯಾನೇಜ್ ಎಜ್ ಹೀಗೆ. ಅಲ್ಲಿನ ಗ್ರಿಟ್‌ಸ್ಟೋನ್ ಬಂಡೆಗೆ ಬೋಲ್ಟ್ ಹೊಡೆಯುವ ರೂಢಿಯೇ ಇಲ್ಲ. ಅಮೆರಿಕದ ವಿಸ್ಕಾನ್ಸಿನ್‌ನ ಡೆವಿಲ್ಸ್ ಲೇಕ್ ಕೂಡ ಹೆಚ್ಚುಕಡಿಮೆ ಹೀಗೇ. ಅಲ್ಲಿ ಬಿರುಕಿನಲ್ಲಿ ಸಿಕ್ಕಿಸುವ ನಟ್, ಕ್ಯಾಮ್ ಎಂಬ ಲೋಹದ ಸಾಮಾನು, ಉದ್ದದ ಸ್ಟ್ಯಾಟಿಕ್ ಹಗ್ಗ ಹೊತ್ತುಕೊಂಡೇ ನೆತ್ತಿಗೆ ಹೋಗುತ್ತಾರೆ. ಇಂಥ ಜಾಗದಲ್ಲಿ ನೆತ್ತಿಗೆ ಹೋಗುವುದು ಸುಲಭ, ಆಂಕರ್ ಕಟ್ಟುವುದು ಸುಲಭ ಅಲ್ಲ. ಬಿರುಕಿನಲ್ಲಿ ಕ್ಯಾಮ್ ಇಡುವುದು ಒಂದೇ ದಿನದಲ್ಲಿ ಬರುವ ವಿದ್ಯೆ ಅಲ್ಲ. ಆದರೆ ದೊಡ್ಡ ಮರಗಳಿದ್ದರೆ ಲೆಕ್ಕ ಪೂರ್ತಿ ಬದಲಾಗುತ್ತದೆ. ಎರಡು ಒಳ್ಳೆಯ ಮರಗಳಿರುವ ನೆತ್ತಿ, ಹೊಸಬರ ತಂಡಕ್ಕೆ ಎಷ್ಟೋ ಸಲ ಬೋಲ್ಟ್ ಇರುವ ನೆತ್ತಿಗಿಂತ ಮೇಲು. ಯಾಕೆಂದರೆ ಮರ ಅಂಚಿನಿಂದ ಹಿಂದೆ ಇರುತ್ತದೆ, ನೀವೂ ಹಿಂದೆಯೇ ಇರುತ್ತೀರಿ.

ಒಳ್ಳೆಯ ಮರ ಅಂದರೆ? ಜೀವ ಇರಬೇಕು, ಹಸಿರೆಲೆ ಇರಬೇಕು. ಕಾಂಡ ಕನಿಷ್ಠ 15 ಸೆಂಟಿಮೀಟರ್ ದಪ್ಪ ಇರಬೇಕು, ನನ್ನ ಮನಸ್ಸಿಗೆ ಸಮಾಧಾನ ಆಗುವುದು ತೊಡೆಗಿಂತ ದಪ್ಪ ಇದ್ದಾಗ. ಬೇರು ಮಣ್ಣಿನ ಒಳಗೆ ಇಳಿದಿರಬೇಕು. ಕಲ್ಲಿನ ಮೇಲೆ ತೆಳುವಾಗಿ ಹರಡಿದ ಮಣ್ಣಿನಲ್ಲಿ ನಿಂತ ಮರ ನೋಡಲು ದೊಡ್ಡದಾಗಿದ್ದರೂ ನಂಬಬೇಡಿ. ಹೆಗಲು ಕೊಟ್ಟು ತಳ್ಳಿ ನೋಡಿ, ಬುಡದ ಮಣ್ಣು ಅಲುಗಾಡಿದರೆ ಬಿಟ್ಟುಬಿಡಿ. ಹಗ್ಗವನ್ನು ಆದಷ್ಟು ಬುಡದ ಹತ್ತಿರ ಕಟ್ಟಿ. ತೊಗಟೆ ಸವೆಯದಂತೆ ಅಗಲದ ಸ್ಲಿಂಗ್ ಬಳಸಿ, ಇಲ್ಲವೇ ದಪ್ಪ ಬಟ್ಟೆ ಸುತ್ತಿ. ಒಂದೇ ಮರಕ್ಕೆ ವರ್ಷಗಟ್ಟಲೆ ಎಲ್ಲರೂ ಹಗ್ಗ ಕಟ್ಟಿದರೆ ಅದು ಒಣಗಿಹೋಗುತ್ತದೆ. ಕೆಲವು ಜಾಗಗಳಲ್ಲಿ ಮರಕ್ಕೆ ಕಟ್ಟುವುದನ್ನೇ ನಿಷೇಧಿಸಿರುವುದು ಇದೇ ಕಾರಣಕ್ಕೆ. ಹೋಗುವ ಮೊದಲು ವಿಚಾರಿಸಿ.

ಮೂರನೆಯದು, ಲೀಡ್ ಮಾಡಿಯೇ ಹೋಗಬೇಕಾದ ಜಾಗ. ಅಂದರೆ ಒಬ್ಬರು ಕೆಳಗಿನಿಂದ ಬೋಲ್ಟ್‌ಗೆ ಹಗ್ಗ ಸಿಕ್ಕಿಸಿಕೊಳ್ಳುತ್ತಾ ಹತ್ತಿ ಮೇಲಿನ ಆಂಕರ್ ಮುಟ್ಟಬೇಕು. ಗ್ರೀಸ್‌ನ ಕಾಲಿಮ್ನೋಸ್ ದ್ವೀಪದ ಸುಣ್ಣಕಲ್ಲಿನ ಬಂಡೆಗಳು ಹೀಗೆ. ಆಂಕರ್‌ಗಳು ಚೆನ್ನಾಗಿವೆ, ಸುಲಭದ ರೂಟ್‌ಗಳೂ ಬೇಕಾದಷ್ಟಿವೆ. ಆದರೆ ನೆತ್ತಿಗೆ ನಡೆದು ಹೋಗುವ ಮಾತು ಸಾಮಾನ್ಯವಾಗಿ ಇಲ್ಲ. ನಿಮ್ಮ ತಂಡದಲ್ಲಿ ಲೀಡ್ ಮಾಡುವವರು ಇದ್ದರೆ ಇದು ಒಳ್ಳೆಯ ಆಯ್ಕೆ. ಅವರು ಇಡೀ ಹೊತ್ತು ಹಗ್ಗದಲ್ಲೇ ಇರುತ್ತಾರೆ, ಅಂಚಿನಲ್ಲಿ ಕಟ್ಟಿಲ್ಲದೆ ಓಡಾಡುವ ಕ್ಷಣವೇ ಬರುವುದಿಲ್ಲ. ಆದರೆ ‘ಲೀಡ್ ಮಾಡುವವರು’ ಅಂದರೆ ಆ ರೂಟ್ ಅವರಿಗೆ ನಿಜವಾಗಿಯೂ ಸುಲಭ ಆಗಿರಬೇಕು. ಹೊಸಬರಿಗಾಗಿ ಹಗ್ಗ ಹಾಕುವ ದಿನ ತನ್ನ ಮಿತಿ ಪರೀಕ್ಷಿಸುವ ದಿನ ಅಲ್ಲ. ಸುಲಭದ ರೂಟ್‌ಗಳಲ್ಲಿ ಚಾಚಿಕೊಂಡ ಕಲ್ಲು ಜಾಸ್ತಿ ಇರುತ್ತದೆ, ಲೀಡ್‌ನಲ್ಲಿ ಬಿದ್ದರೆ ಅದಕ್ಕೇ ಬಡಿಯುತ್ತೇವೆ. ಇನ್ನೊಂದು, ಬಿಲೇ ಮಾಡುವವರಿಗೂ ಲೀಡ್ ಬಿಲೇ ಗೊತ್ತಿರಬೇಕು. ಟಾಪ್ ರೋಪ್ ಬಿಲೇ ಮಾತ್ರ ಕಲಿತ ಹೊಸಬರ ಕೈಗೆ ಅದನ್ನು ಕೊಡುವ ಹಾಗಿಲ್ಲ. ಹಾಗಾಗಿ ಈ ಗುಂಪಿನ ಜಾಗಕ್ಕೆ ಅನುಭವಸ್ಥರು ಒಬ್ಬರು ಸಾಲದು, ಇಬ್ಬರು ಬೇಕು. ಇದನ್ನು ಬಹಳ ಜನ ಮರೆಯುತ್ತಾರೆ.

ನಾಲ್ಕನೆಯದು, ಮೇಲಿನಿಂದ ಹಗ್ಗದಲ್ಲಿ ಇಳಿದು ಆಂಕರ್ ಮುಟ್ಟುವ ಜಾಗ. ಬೋಲ್ಟ್ ಅಂಚಿನ ಕೆಳಗಿದೆ. ಹಿಂದೆ ಗಟ್ಟಿ ಆಂಕರ್ ಒಂದನ್ನು ಕಟ್ಟಿ, ಅದರಿಂದ ರ‍್ಯಾಪೆಲ್ ಮಾಡುತ್ತಾ ಕೆಳಗಿನ ಬೋಲ್ಟ್ ತನಕ ಇಳಿದು, ಅಲ್ಲಿ ಟಾಪ್ ರೋಪ್ ಕಟ್ಟಬೇಕು. ಎರಡೆರಡು ಆಂಕರ್, ಎರಡೆರಡು ಹಗ್ಗ, ತೂಗಾಡುತ್ತಾ ಕೆಲಸ. ಗೊತ್ತಿರುವವರಿಗೆ ಕಷ್ಟವೇನಿಲ್ಲ. ಆದರೆ ‘ನಮ್ಮಲ್ಲಿ ಯಾರಿಗೂ ಅಷ್ಟು ಅನುಭವ ಇಲ್ಲ, ಸುಲಭದ ಜಾಗ ಬೇಕು’ ಅನ್ನುವ ತಂಡಕ್ಕೆ ಇದು ಬೇಡವೇ ಬೇಡ. ಬೋಲ್ಟ್ ಕಣ್ಣಿಗೆ ಕಾಣುತ್ತದೆ, ಕೈಗೆ ಇನ್ನೇನು ಎಟುಕುತ್ತದೆ ಅನ್ನಿಸುತ್ತದೆ. ಆ ಆಸೆಯಲ್ಲೇ ಜನ ಅಂಚಿಗೆ ಬಾಗುತ್ತಾರೆ.

ನಾಲ್ಕನ್ನೂ ಪಕ್ಕಪಕ್ಕ ಇಟ್ಟರೆ ನನ್ನ ಕ್ರಮ ಹೀಗೆ: ಹಿಂದಕ್ಕಿರುವ ಬೋಲ್ಟ್, ನಡೆದು ಹೋಗುವ ನೆತ್ತಿ. ಅದಿಲ್ಲದಿದ್ದರೆ ದೊಡ್ಡ ಮರಗಳಿರುವ ನೆತ್ತಿ. ಅನುಭವಸ್ಥರು ಇಬ್ಬರು ಜೊತೆಗಿದ್ದರೆ ಲೀಡ್ ಜಾಗ, ಕೆಲವೊಮ್ಮೆ ಅದನ್ನೇ ಎರಡನೆಯದಕ್ಕೆ ತರುತ್ತೇನೆ. ಕ್ಯಾಮ್, ನಟ್ ಮಾತ್ರ ನೆಚ್ಚಿಕೊಳ್ಳಬೇಕಾದ ನೆತ್ತಿ ಮತ್ತು ರ‍್ಯಾಪೆಲ್ ಜಾಗ, ಎರಡೂ ಮುಂದಿನ ವರ್ಷಕ್ಕೆ ಇರಲಿ.

ನೆತ್ತಿಯಲ್ಲಿ ನಿಂತು ನೋಡಬೇಕಾದದ್ದು

ಸಾಧ್ಯವಾದರೆ ತಂಡವನ್ನು ಕರೆತರುವ ಮೊದಲು ಒಂದು ದಿನ ಸುಮ್ನೆ ಹೋಗಿ ನೋಡಿ ಬನ್ನಿ. ಹಗ್ಗ ಹಾಕುವ ಆತುರ ಇಲ್ಲದಾಗ ಕಣ್ಣು ಬೇರೆಯೇ ತರಹ ನೋಡುತ್ತದೆ.

ಮೊದಲು ಕಾಲ ಕೆಳಗೆ ನೋಡಿ. ಅಂಚಿನ ಹಿಂದಿನ 3 ಮೀಟರ್ ಜಾಗ ಸಮತಟ್ಟಾಗಿದೆಯಾ, ಅಂಚಿನ ಕಡೆಗೆ ಇಳಿಜಾರಾ, ಹಿಂದಕ್ಕೆ ಇಳಿಜಾರಾ? ಹಿಂದಕ್ಕೆ ಇಳಿದಿದ್ದರೆ ಅದೃಷ್ಟ. ಅಂಚಿನ ಕಡೆಗಾದರೆ, ಜೊತೆಗೆ ಜಲ್ಲಿ, ಪಾಚಿ, ಒಣಗಿದ ಎಲೆಗಳಿದ್ದರೆ, ಆ ಜಾಗವನ್ನು ಪಟ್ಟಿಯಿಂದ ತೆಗೆದುಹಾಕಿ. ಇಷ್ಟರ ಮೇಲೆ ಮಳೆ ಬಿದ್ದರೆ ಏನಾಗುತ್ತದೆ ಅಂತ ಒಮ್ಮೆ ಯೋಚಿಸಿ. ಇನ್ನೂ ಒಂದು ವಿಷಯ, ನೆತ್ತಿಯ ಸಡಿಲ ಕಲ್ಲುಗಳು ನಿಮ್ಮ ಕಾಲಿಗಷ್ಟೇ ತೊಂದರೆ ಅಲ್ಲ. ಹಗ್ಗ ಎಳೆದಾಗ ಅವು ಉರುಳಿ ಬುಡದಲ್ಲಿ ನಿಂತವರ ತಲೆ ಮೇಲೆ ಬೀಳುತ್ತವೆ.

ಆಮೇಲೆ ಹಿಂದೆ ನೋಡಿ. ನಿಮ್ಮನ್ನೇ ನೀವು ಕಟ್ಟಿಕೊಳ್ಳಲು ಏನಿದೆ? ಅಂಚಿನಿಂದ ದೂರದ ಮರಕ್ಕೆ ಒಂದು ಸ್ಟ್ಯಾಟಿಕ್ ಹಗ್ಗ ಕಟ್ಟಿ, ಅದರ ಮೇಲೆ ಪ್ರೂಸಿಕ್ ಗಂಟು (ಭಾರ ಬಿದ್ದಾಗ ಹಗ್ಗವನ್ನು ಬಿಗಿಹಿಡಿಯುವ ಗಂಟು) ಹಾಕಿ, ಅದನ್ನು ಹಾರ್ನೆಸ್‌ನ ಬಿಲೇ ಲೂಪ್‌ಗೆ ಲಾಕ್ ಮಾಡುವ ಕ್ಯಾರಬಿನರ್‌ನಿಂದ ಸಿಕ್ಕಿಸಿದರೆ, ಅಂಚಿಗೆ ಎಷ್ಟು ಬೇಕೋ ಅಷ್ಟೇ ಹತ್ತಿರ ಹೋಗಬಹುದು. ಹಗ್ಗದ ತುದಿಗೆ ಗಂಟು ಮರೆಯಬೇಡಿ. ಈ ವ್ಯವಸ್ಥೆಗೆ ಆಸರೆ ಸಿಗದ ನೆತ್ತಿ, ಉಳಿದೆಲ್ಲ ಚೆನ್ನಾಗಿದ್ದರೂ ಹೊಸಬರಿಗೆ ತಕ್ಕದ್ದಲ್ಲ. ಈ ವಿಷಯದಲ್ಲಿ ನಾನು ರಾಜಿ ಆಗುವುದಿಲ್ಲ.

ಮೂರನೆಯದು, ಆಂಕರ್ ಬಿಂದುಗಳ ನಡುವಿನ ಅಂತರ. ಮೇಲ್ನೋಟಕ್ಕೆ ಎರಡು ಮರ ಇದ್ದರಾಯಿತು ಅನ್ನಿಸುತ್ತದೆ. ಆದರೆ ಆ ಎರಡು ಮರ ತುಂಬಾ ದೂರ ದೂರ, ಅಂಚಿಗೆ ಹತ್ತಿರ ಇದ್ದರೆ ಆಂಕರ್‌ನ ಎರಡು ಕೈಗಳ ನಡುವಿನ ಕೋನ ಅಗಲವಾಗುತ್ತದೆ. ಕೋನ 60 ಡಿಗ್ರಿ ಇದ್ದಾಗ ಒಂದೊಂದು ಬಿಂದುವಿನ ಮೇಲೂ ಭಾರದ ಸುಮಾರು 58 ಶೇಕಡಾ ಬೀಳುತ್ತದೆ. 90 ಡಿಗ್ರಿ ಆದರೆ 71 ಶೇಕಡಾ. 120 ಡಿಗ್ರಿ ಆದರೆ ಎರಡರ ಮೇಲೂ ಪೂರ್ತಿ 100 ಶೇಕಡಾ, ಅಂದರೆ ಭಾರ ಹಂಚಿಕೊಂಡ ಉಪಯೋಗವೇ ಇಲ್ಲ. ಮರಗಳು ಹಿಂದಕ್ಕಿದ್ದಷ್ಟೂ ಕೋನ ಕಿರಿದಾಗುತ್ತದೆ. ಇನ್ನೊಂದು ಲೆಕ್ಕ: ಹತ್ತುವವರು ಹಗ್ಗದಲ್ಲಿ ತೂಗಿದಾಗ ಆಂಕರ್ ಹೊರುವುದು ಅವರ ತೂಕ ಮಾತ್ರ ಅಲ್ಲ. ಇನ್ನೊಂದು ಕಡೆಯಿಂದ ಬಿಲೇಯರ್ ಕೂಡ ಎಳೆಯುತ್ತಿರುತ್ತಾರೆ. ಎರಡೂ ಸೇರಿ ಹತ್ತುವವರ ತೂಕದ ಒಂದೂವರೆ ಪಟ್ಟಿಗಿಂತ ಜಾಸ್ತಿ ಆಗುತ್ತದೆ. ಸಾಮಾನು ಗಟ್ಟಿ ಇದ್ದರೆ ಇದು ದೊಡ್ಡ ಭಾರವೇನಲ್ಲ. ಆದರೆ ಇಡೀ ದಿನ, ಮತ್ತೆ ಮತ್ತೆ, ಒಂದೇ ಜಾಗದಲ್ಲಿ ಬೀಳುವ ಭಾರ.

ನಾಲ್ಕನೆಯದು ಅಂಚಿನ ಆಕಾರ. ದುಂಡಗಿನ ಅಂಚು ಒಳ್ಳೆಯದು, ಚೂಪಾದ ಅಂಚು ಕೆಟ್ಟದ್ದು. ಚೂಪಿದ್ದರೆ ಹಗ್ಗದ ಕೆಳಗೆ ರಕ್ಷಣೆಯ ಹೊದಿಕೆ ಬೇಕು, ಹಳೆಯ ಕಾರ್ಪೆಟ್ ತುಂಡು ಆದರೂ ಸರಿ, ಅದು ಜಾರಿ ಹೋಗದಂತೆ ಕಟ್ಟಬೇಕು. ಕ್ಯಾರಬಿನರ್ ಅಂಚಿನ ಮೇಲೆ ಅಡ್ಡ ಬಿದ್ದು ಬಾಗುವಂತಿದ್ದರೆ ಆ ಆಂಕರ್‌ನ ಉದ್ದ ತಪ್ಪು. ಯುರೋಪಿನ ಮಾನದಂಡದ ಪ್ರಕಾರ ಸಾಮಾನ್ಯ ಕ್ಯಾರಬಿನರ್ ಉದ್ದಕ್ಕೆ ಕನಿಷ್ಠ 20 ಕಿಲೋನ್ಯೂಟನ್ ತಡೆಯಬೇಕು, ಅಡ್ಡಕ್ಕೆ ಬರೀ 7. ಅಷ್ಟು ವ್ಯತ್ಯಾಸ ಇದೆ. ಅದಕ್ಕೇ ಹಗ್ಗ ಓಡುವ ಜಾಗದಲ್ಲಿ ಎರಡು ಲಾಕಿಂಗ್ ಕ್ಯಾರಬಿನರ್, ಬಾಯಿ ಎದುರು ಬದುರಾಗಿ.

ಬೋಲ್ಟ್ ಇದ್ದರೆ ಅದನ್ನೂ ಪರೀಕ್ಷಿಸಿ. ಎರಡು ಇರಬೇಕು, ಒಂದೇ ಇದ್ದರೆ ಅದು ಆಂಕರ್ ಅಲ್ಲ. ತಿರುಗುವ ಹ್ಯಾಂಗರ್ (ಬೋಲ್ಟ್‌ಗೆ ಕೂರಿಸಿದ ಲೋಹದ ಕಿವಿ), ಬೋಲ್ಟ್‌ನ ಸಡಿಲ ನಟ್, ಸುತ್ತ ಬಿರುಕು ಬಿಟ್ಟ ಕಲ್ಲು, ತುಕ್ಕಿನ ಗೆರೆ, ಇವು ಕಂಡರೆ ಬಿಟ್ಟುಬಿಡಿ. ಸಮುದ್ರದ ಹತ್ತಿರದ ಬಂಡೆಯಲ್ಲಿ ಇನ್ನಷ್ಟು ಎಚ್ಚರ ಬೇಕು. ಥಾಯ್ಲೆಂಡಿನ ರೈಲೇ ಸುತ್ತಮುತ್ತ ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟ್‌ಗಳು ಕೂಡ ಒಳಗೊಳಗೇ ಬಿರುಕು ಬಿಟ್ಟು ಮುರಿದವು. ಹೊರಗಿನಿಂದ ನೋಡಲು ಚೆನ್ನಾಗಿಯೇ ಇರುತ್ತಿದ್ದವು. ಆಮೇಲೆ ಅಲ್ಲಿ ಟೈಟಾನಿಯಂ ಬೋಲ್ಟ್‌ಗಳನ್ನು ಹಾಕುತ್ತಾ ಬಂದರು. ಕಡಲ ತೀರದಲ್ಲಿ ಬೋಲ್ಟ್ ಯಾವುದರದ್ದು, ಯಾವಾಗ ಹಾಕಿದ್ದು ಅಂತ ಕೇಳದೆ ಹಗ್ಗ ಹಾಕಬೇಡಿ.

ಎತ್ತರ: ಜಾಸ್ತಿ ಇದ್ದರೆ ಚೆನ್ನ ಅನ್ನುವುದು ತಪ್ಪು

ಹಗ್ಗ ಮೇಲೆ ಹೋಗಿ ಕೆಳಗೆ ಬರಬೇಕಲ್ವಾ? ಹಾಗಾಗಿ 60 ಮೀಟರ್ ಹಗ್ಗಕ್ಕೆ ಲೆಕ್ಕದ ಪ್ರಕಾರ 30 ಮೀಟರ್ ಬಂಡೆ. ಗಂಟು, ಬಿಲೇಯರ್ ನಿಲ್ಲುವ ಜಾಗ ಎಲ್ಲ ಕಳೆದರೆ ಅಷ್ಟೂ ಸಿಗುವುದಿಲ್ಲ. ಬಿಲೇಯರ್ ಕಡೆಯ ತುದಿಗೆ ಗಂಟು ಹಾಕಿರಲೇಬೇಕು. ಇಳಿಸುವಾಗ ಹಗ್ಗದ ತುದಿ ಬಿಲೇ ಸಾಧನದಿಂದ ಜಾರಿಹೋಗಿ ಜನ ಬಿದ್ದಿದ್ದಾರೆ.

ಆದರೆ ಹೊಸಬರಿಗೆ 30 ಮೀಟರ್ ಯಾಕೆ ಬೇಕು? 8ರಿಂದ 15 ಮೀಟರ್ ಸಾಕು. ಒಂದು ಕಾರಣ, ಕೆಳಗಿನಿಂದ ಹೇಳಿದ್ದು ಮೇಲಿನವರಿಗೆ ಕೇಳಿಸುತ್ತದೆ, ಅವರ ಮುಖ ಕಾಣುತ್ತದೆ. ಇನ್ನೊಂದು, ಸರದಿ ಬೇಗ ಬೇಗ ಬರುತ್ತದೆ. ಮೂರನೆಯ ಕಾರಣ ಅಷ್ಟು ಸುಲಭಕ್ಕೆ ಹೊಳೆಯುವುದಿಲ್ಲ: ಹಗ್ಗ ಹಿಗ್ಗುತ್ತದೆ. ಕ್ಲೈಂಬಿಂಗ್‌ಗೆ ಬಳಸುವ ಡೈನಮಿಕ್ ಹಗ್ಗ 80 ಕಿಲೋ ತೂಗಿದಾಗ 10 ಶೇಕಡಾ ತನಕ ಉದ್ದ ಆಗಬಹುದು, ಮಾನದಂಡದಲ್ಲೇ ಅಷ್ಟಕ್ಕೆ ಅವಕಾಶ ಇದೆ. 7 ಶೇಕಡಾ ಅಂತಲೇ ಇಟ್ಟುಕೊಳ್ಳಿ. 20 ಮೀಟರ್ ಬಂಡೆಯಲ್ಲಿ ಹತ್ತುವವರು 2 ಮೀಟರ್ ಮೇಲೆ ಹೋಗಿದ್ದಾರೆ. ಅವರಿಂದ ಆಂಕರ್‌ಗೆ 18, ಆಂಕರ್‌ನಿಂದ ಬಿಲೇಯರ್‌ಗೆ 20, ಒಟ್ಟು 38 ಮೀಟರ್ ಹಗ್ಗ. ಅದರ 7 ಶೇಕಡಾ ಅಂದರೆ ಎರಡೂವರೆ ಮೀಟರ್‌ಗಿಂತ ಜಾಸ್ತಿ. ಮೇಲಿನ ಕ್ಯಾರಬಿನರ್‌ನ ತಿಕ್ಕಾಟದಿಂದ ಸ್ವಲ್ಪ ಕಡಿಮೆ ಆದೀತು. ಆದರೂ ಕೈ ಜಾರಿದರೆ ಅವರು ನೆಲ ಮುಟ್ಟುವ ಸಾಧ್ಯತೆ ಇದೆ. 10 ಮೀಟರ್ ಬಂಡೆಯಲ್ಲಿ ಇದೇ ಲೆಕ್ಕ ಸುಮಾರು ಒಂದೂಕಾಲು ಮೀಟರ್‌ಗೆ ಬರುತ್ತದೆ. ಯಾವ ಬಂಡೆಯೇ ಆಗಲಿ, ಮೊದಲ 3 ಮೀಟರ್ ತನಕ ಬಿಲೇಯರ್ ಹಗ್ಗ ಬಿಗಿಯಾಗಿ ಇಟ್ಟಿರಬೇಕು. ಎತ್ತರ ಕಡಿಮೆ ಇದ್ದಷ್ಟೂ ಈ ಚಿಂತೆ ಕಡಿಮೆ.

ರೂಟ್ ನೇರ ಇದೆಯಾ?

ಗ್ರೇಡ್‌ಗಿಂತ (ರೂಟ್ ಎಷ್ಟು ಕಷ್ಟ ಅನ್ನುವ ಅಳತೆ) ಮೊದಲು ಇದನ್ನು ನೋಡಿ. ಆಂಕರ್‌ನಿಂದ ಒಂದು ನೂಲು ಇಳಿಬಿಟ್ಟರೆ ರೂಟ್ ಆ ನೂಲಿನ ಉದ್ದಕ್ಕೇ ಇರಬೇಕು. ರೂಟ್ ಪಕ್ಕಕ್ಕೆ 4 ಮೀಟರ್ ಸರಿದಿದ್ದರೆ, ಅಲ್ಲಿ ಜಾರಿದವರು ಗಡಿಯಾರದ ಲೋಲಕದಂತೆ ಬೀಸಿ ಹೋಗುತ್ತಾರೆ. ಆ ದಾರಿಯಲ್ಲಿ ಒಂದು ಮೂಲೆಯೋ ಮರವೋ ಇದ್ದರೆ ಜೋರಾಗಿ ಬಡಿಯುತ್ತಾರೆ. ಟಾಪ್ ರೋಪ್‌ನಲ್ಲಿ ಬೀಳುವ ಭಯ ಇಲ್ಲ ಅಂತ ಹೇಳಿ ಕರೆತಂದ ಹೊಸಬರಿಗೆ ಮೊದಲ ಅನುಭವವೇ ಇದಾದರೆ ಅವರು ಮತ್ತೆ ಬರುವುದಿಲ್ಲ. ಹೊರಕ್ಕೆ ಚಾಚಿದ ಬಂಡೆಯಲ್ಲೂ ಇದೇ ತೊಂದರೆ. ಜಾರಿದವರು ಗಾಳಿಯಲ್ಲಿ ತೂಗುತ್ತಾರೆ, ಮತ್ತೆ ಬಂಡೆ ಮುಟ್ಟಲು ಆಗುವುದಿಲ್ಲ. ನೆಟ್ಟಗಿಗಿಂತ ಸ್ವಲ್ಪ ಒಳಕ್ಕೆ ಮಲಗಿದ ಬಂಡೆಯೇ ಹೊಸಬರಿಗೆ ಹಿತ.

ಗ್ರೇಡ್ ವಿಷಯ ಬೇಗ ಮುಗಿಸುತ್ತೇನೆ. ಅಮೆರಿಕದ ಪದ್ಧತಿಯಲ್ಲಿ 5.4ರಿಂದ 5.6, ಫ್ರೆಂಚ್ ಪದ್ಧತಿಯಲ್ಲಿ 3 ಅಥವಾ 4, ಇವು ಮೊದಲ ದಿನಕ್ಕೆ ಸರಿ. ಬ್ರಿಟಿಷ್ ಪಟ್ಟಿಯಲ್ಲಿ ‘ಡಿಫಿಕಲ್ಟ್’, ‘ವೆರಿ ಡಿಫಿಕಲ್ಟ್’ ಅಂತ ಕಂಡರೆ ಹೆದರಬೇಡಿ. ಆ ಪದ್ಧತಿ ಬಹಳ ಹಳೆಯದು, ಅವು ಇವತ್ತಿಗೆ ಸುಲಭದ ತುದಿಯ ಗ್ರೇಡ್‌ಗಳು. ಒಂದೇ ಆಂಕರ್‌ನಿಂದ ಎರಡು ಮೂರು ಬೇರೆ ಬೇರೆ ಮಟ್ಟದ ರೂಟ್ ಹತ್ತಬಹುದಾದರೆ ಬಹಳ ಒಳ್ಳೆಯದು. ಹೊಸಬರಲ್ಲೂ ಒಬ್ಬರು ಅಳುಕುತ್ತಾರೆ, ಇನ್ನೊಬ್ಬರು ಹತ್ತು ನಿಮಿಷದಲ್ಲಿ ಇದಕ್ಕಿಂತ ಕಷ್ಟದ್ದು ಬೇಕು ಅನ್ನುತ್ತಾರೆ.

ಬುಡ ಮತ್ತು ಕಲ್ಲು

ಬುಡದಲ್ಲಿ ಬಿಲೇಯರ್ ಗಟ್ಟಿಯಾಗಿ ನಿಲ್ಲಲು ಸಮ ಜಾಗ ಬೇಕು. ಸರದಿ ಕಾಯುವವರು ಕೂರಲು ಇನ್ನೊಂದು ಜಾಗ ಬೇಕು, ಅದು ಬಂಡೆಯ ನೇರ ಕೆಳಗೆ ಇರಬಾರದು. ಕಾಯುತ್ತಿರುವವರೂ ಹೆಲ್ಮೆಟ್ ಹಾಕಿರಲಿ. ಬುಡದಲ್ಲೇ ಇನ್ನೊಂದು ಇಳಿಜಾರೋ ಹಳ್ಳವೋ ಇದ್ದರೆ ಆ ಜಾಗ ಬೇಡ. ಅಲ್ಲಿ ಬಿಲೇಯರ್‌ನನ್ನೂ ನೆಲಕ್ಕೆ ಕಟ್ಟಬೇಕಾಗುತ್ತದೆ, ಕೆಲಸ ಎರಡರಷ್ಟಾಗುತ್ತದೆ. ಮಕ್ಕಳು ಜೊತೆಗಿದ್ದರೆ ಬುಡದ ವಿಷಯಕ್ಕೆ ನಾನು ನೆತ್ತಿಯಷ್ಟೇ ತೂಕ ಕೊಡುತ್ತೇನೆ.

ಬುಡದಿಂದ ನೆತ್ತಿಗೆ ದಾರಿ ಎಷ್ಟು ದೂರ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. 5 ನಿಮಿಷದ ದಾರಿಯಾದರೆ ಆಂಕರ್ ಸರಿಪಡಿಸಲು, ಬೇರೆ ರೂಟ್‌ಗೆ ಹಗ್ಗ ಬದಲಿಸಲು ಬೇಜಾರಿಲ್ಲದೆ ಓಡಾಡುತ್ತೀರಿ. ಅರ್ಧ ಗಂಟೆಯಾದರೆ ‘ಪರವಾಗಿಲ್ಲ ಬಿಡು’ ಅನ್ನುವ ಮನಸ್ಸು ಬರುತ್ತದೆ. ಆ ಮನಸ್ಸು ಬರಬಾರದು.

ಕಲ್ಲಿನ ಜಾತಿಯೂ ಆಯ್ಕೆಯನ್ನು ಬದಲಿಸುತ್ತದೆ. ಗ್ರಾನೈಟ್ ಗಟ್ಟಿ, ಒರಟು, ಬೇಗ ಒಣಗುತ್ತದೆ. ಮಲಗಿದ ಗ್ರಾನೈಟ್ ಮೈಮೇಲೆ ಹಿಡಿಗಳೇ ಇಲ್ಲದೆ ಪಾದದ ಒತ್ತಡದಲ್ಲೇ ಹತ್ತಬೇಕಾಗುತ್ತದೆ, ಕೆಲವರಿಗೆ ಅದು ಮೊದಲ ದಿನ ಬಹಳ ವಿಚಿತ್ರ ಅನ್ನಿಸುತ್ತದೆ. ಸುಣ್ಣಕಲ್ಲಿನಲ್ಲಿ ಹಿಡಿಗಳು ಚೆನ್ನಾಗಿರುತ್ತವೆ, ಆದರೆ ಜನ ಜಾಸ್ತಿ ಹತ್ತಿದ ಸುಲಭದ ರೂಟ್‌ಗಳು ಸವೆದು ಗಾಜಿನಂತೆ ನುಣುಪಾಗಿರುತ್ತವೆ. ಮರಳುಗಲ್ಲಿಗೆ ಮಳೆ ಆಗಿಬರುವುದಿಲ್ಲ. ಅದು ನೀರು ಹೀರಿಕೊಂಡು ಒಳಗೆ ಮೆತ್ತಗಾಗುತ್ತದೆ. ಮೇಲೆ ಒಣಗಿದಂತೆ ಕಂಡರೂ ಹಿಡಿ ಮುರಿದು ಕೈಗೆ ಬರಬಹುದು. ಮಳೆ ನಿಂತ ಮೇಲೆ ಒಂದರಿಂದ ಮೂರು ದಿನ ಬಿಡಿ.

ಗೈಡ್‌ಬುಕ್ ಓದುವ ಬಗೆ

ಗೈಡ್‌ಬುಕ್ ಬರೆಯುವವರು ರೂಟ್ ಬಗ್ಗೆ ಬರೆಯುತ್ತಾರೆ, ನೆತ್ತಿ ಬಗ್ಗೆ ಒಂದೇ ಸಾಲು ಇರುತ್ತದೆ. ಆ ಸಾಲನ್ನು ಹುಡುಕಿ. ‘ವಾಕ್ ಆಫ್’ ಅಂತ ಇದ್ದರೆ ನೆತ್ತಿಯಿಂದ ನಡೆದು ಇಳಿಯಬಹುದು, ಅಂದರೆ ನಡೆದು ಹತ್ತಲೂಬಹುದು. ‘ಸ್ಕ್ರ್ಯಾಂಬಲ್’ ಅಂತ ಇದ್ದರೆ ಕೈ ಬಳಸಿ ಹತ್ತಬೇಕು. ಅದು ಎಷ್ಟು ಎತ್ತರ, ಬಿದ್ದರೆ ಎಲ್ಲಿಗೆ ಅಂತ ಕೇಳಿ ತಿಳಿಯಿರಿ. ‘ರ‍್ಯಾಪೆಲ್ ಮಾಡಿ ಇಳಿಯಿರಿ’ ಎಂದಷ್ಟೇ ಬರೆದಿದ್ದರೆ ನಡೆಯುವ ದಾರಿ ಇಲ್ಲದಿರಬಹುದು. ‘ಟಾಪ್ ರೋಪ್ ಮಾಡಬಹುದು’ ಅನ್ನುವ ಒಂದು ಮಾತನ್ನು ಮಾತ್ರ ನಂಬಿ ಹೊರಡಬೇಡಿ. ಲೀಡ್ ಮಾಡಿ ಹಗ್ಗ ಹಾಕಿದ ಮೇಲೆ ಯಾವ ರೂಟನ್ನೂ ಟಾಪ್ ರೋಪ್ ಮಾಡಬಹುದು.

ಅಲ್ಲಿ ಹೋಗಿಬಂದವರು ಸಿಕ್ಕರೆ ‘ಸುಲಭನಾ?’ ಅಂತ ಕೇಳಬೇಡಿ, ಎಲ್ಲರೂ ಹೌದು ಅನ್ನುತ್ತಾರೆ. ಹೀಗೆ ಕೇಳಿ: ಬೋಲ್ಟ್ ಅಂಚಿನಿಂದ ಎಷ್ಟು ಹಿಂದೆ ಇದೆ? ಎಷ್ಟು ಉದ್ದದ ಸ್ಟ್ಯಾಟಿಕ್ ಹಗ್ಗ ಬೇಕಾಯಿತು? ನೀವು ನಿಮ್ಮನ್ನು ಎಲ್ಲಿಗೆ ಕಟ್ಟಿಕೊಂಡಿರಿ? ಕೊನೆಯ ಪ್ರಶ್ನೆಗೆ ‘ಕಟ್ಟಿಕೊಳ್ಳಲಿಲ್ಲ’ ಅಂತ ಉತ್ತರ ಬಂದರೆ, ಅವರ ‘ಸುಲಭ’ ನಿಮ್ಮ ಸುಲಭ ಅಲ್ಲ. ಜಾಗದ ಮಾಲೀಕರು ಯಾರು, ಅನುಮತಿ ಬೇಕಾ, ಹಕ್ಕಿಗಳು ಗೂಡು ಕಟ್ಟುವ ಕಾಲದಲ್ಲಿ ಬಂಡೆ ಮುಚ್ಚುತ್ತಾರಾ ಅಂತಲೂ ಆಗಲೇ ಕೇಳಿಬಿಡಿ.

ಎರಡು ಜಾಗ, ಒಂದು ತಂಡ

ಈಗ ಒಂದು ಆಯ್ಕೆ ಮಾಡೋಣ. ನಾಲ್ಕು ಹೊಸಬರು, ಆಂಕರ್ ಗೊತ್ತಿರುವವರು ಒಬ್ಬರು. ಮೊದಲ ಜಾಗ: ಗಾಡಿ ನಿಲ್ಲಿಸಿ 5 ನಿಮಿಷ ನಡಿಗೆ, 25 ಮೀಟರ್ ಬಂಡೆ, ಹೊಸ ಬೋಲ್ಟ್‌ಗಳು, ಇಪ್ಪತ್ತು ರೂಟ್, ಆದರೆ ಲೀಡ್ ಮಾಡಿಯೇ ಹೋಗಬೇಕು. ಎರಡನೆಯ ಜಾಗ: 40 ನಿಮಿಷ ನಡಿಗೆ, 12 ಮೀಟರ್ ಬಂಡೆ, ಮೂರೇ ರೂಟ್, ಬೋಲ್ಟ್ ಇಲ್ಲ, ನೆತ್ತಿಯಲ್ಲಿ ಸಾಲಾಗಿ ದೊಡ್ಡ ಮರಗಳು.

ಹೆಚ್ಚಿನವರು ಮೊದಲನೆಯದಕ್ಕೆ ಹೋಗುತ್ತಾರೆ. ನಾನು ಎರಡನೆಯದಕ್ಕೆ ಹೋಗುತ್ತೇನೆ. ಮೊದಲ ಜಾಗದಲ್ಲಿ ಆ ಒಬ್ಬರು ಲೀಡ್ ಮಾಡುವಾಗ ಬಿಲೇ ಮಾಡಲು ಗೊತ್ತಿರುವವರು ಇಲ್ಲ. 25 ಮೀಟರ್‌ನಲ್ಲಿ ಮಾತು ಕೇಳಿಸುವುದಿಲ್ಲ, ಹಗ್ಗ ಹಿಗ್ಗುವುದು ಜಾಸ್ತಿ. ಇಪ್ಪತ್ತು ರೂಟ್ ಇದ್ದರೂ ಹಾಕುವುದು ಒಂದೋ ಎರಡೋ ಹಗ್ಗ. ಎರಡನೆಯ ಜಾಗದ ಮೂರು ರೂಟ್ ನಾಲ್ಕು ಜನಕ್ಕೆ ಇಡೀ ದಿನಕ್ಕೆ ಸಾಕು. ನೆತ್ತಿಗೆ ಒಬ್ಬೊಬ್ಬರನ್ನೇ ಕರೆದುಕೊಂಡು ಹೋಗಿ, ಅಂಚಿನಿಂದ ದೂರ ಮರದ ಹತ್ತಿರ ನಿಲ್ಲಿಸಿ, ಆಂಕರ್ ತೋರಿಸಬಹುದು. ತನ್ನ ಭಾರ ಹೊರುವ ವಸ್ತುವನ್ನು ಕಣ್ಣಾರೆ ನೋಡಿದವರು ಹಗ್ಗದ ಮೇಲೆ ಒರಗಲು ಅಷ್ಟು ಹೆದರುವುದಿಲ್ಲ. ಇದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಅದೇ ತಂಡಕ್ಕೆ ಅನುಭವಸ್ಥರು ಇನ್ನೊಬ್ಬರು ಸೇರಿದರೆ? ಆಗ ಮೊದಲ ಜಾಗವೂ ಆದೀತು, ಆದರೆ 25 ಮೀಟರ್ ರೂಟ್ ಬಿಟ್ಟು ಅಲ್ಲೇ ಇರುವ ಗಿಡ್ಡ ರೂಟ್‌ಗಳನ್ನು ಹುಡುಕಿ. ಅಲ್ಲಿ ಹಗ್ಗವನ್ನು ನೇರ ಬೋಲ್ಟ್‌ನ ರಿಂಗ್ ಒಳಗೆ ತೂರಿಸಿ ದಿನವಿಡೀ ಓಡಿಸಬೇಡಿ. ನಿಮ್ಮ ಸ್ವಂತ ಕ್ಯಾರಬಿನರ್ ಹಾಕಿ, ಸವೆಯುವುದು ಅದೇ ಸವೆಯಲಿ. ಕೊನೆಯವರು ಮಾತ್ರ ರಿಂಗ್‌ನಿಂದ ಇಳಿಯಲಿ.

ಮನೆಗೆ ಹೊರಡುವ ಹೊತ್ತಿನ ಬಗ್ಗೆಯೂ ಯೋಚಿಸಿಯೇ ಜಾಗ ಆರಿಸಿ. ಬೆಳಗ್ಗೆ ಹಾಕಿದ ಆಂಕರ್ ಅನ್ನು ಸಂಜೆ ಬಿಚ್ಚಬೇಕು. ಆಗ ಕೈಕಾಲು ಸೋತಿರುತ್ತವೆ, ಬೆಳಕು ಕಡಿಮೆ ಆಗಿರುತ್ತದೆ, ಕೆಳಗಿನವರು ಚೀಲ ಕಟ್ಟಿ ಕೂಗುತ್ತಿರುತ್ತಾರೆ. ಬೆಳಗ್ಗೆ ನಿಮ್ಮನ್ನು ಕಟ್ಟಿಕೊಂಡ ಹಗ್ಗವನ್ನು ಅಲ್ಲೇ ಬಿಟ್ಟಿರಿ. ಸಂಜೆ ಮೇಲೆ ಹೋದಾಗ ಮೊದಲು ಅದಕ್ಕೆ ಸಿಕ್ಕಿಸಿಕೊಳ್ಳಿ, ಆಮೇಲೆ ಟಾಪ್ ರೋಪ್ ಹಗ್ಗ ಎಳೆದುಕೊಳ್ಳಿ, ಆಂಕರ್ ಬಿಚ್ಚಿ. ನಿಮ್ಮ ಹಗ್ಗ ಕೊನೆಯಲ್ಲಿ, ಅಂಚಿನಿಂದ ಪೂರ್ತಿ ಹಿಂದೆ ಬಂದು, ಮರದ ಬುಡದಲ್ಲಿ ನಿಂತು ಬಿಚ್ಚಿ.